ಸಾಲಿನಲ್ಲಿ ಸಿಕ್ಕಿಬಿದ್ದವನು

ಕಾಮಿಡಿ ಸಿನಿಮಾ ಕಥೆಗೆ ಒಂದೇ ವಾಕ್ಯದ ಲಾಗ್‌ಲೈನ್, ಅಂದ್ರೆ ಇಡೀ ಕಥೆಯ ಸಾರ, ಬರೆಯೋಕೆ ಮೂರು ದಿನ ಹಿಡಿಯಿತು. ಮೊದಲು ‘ಹೊಟ್ಟೆ ಹುಣ್ಣಾಗುವಂತೆ ನಗಿಸುವ ಹಾಸನದ ಹುಡುಗನ ಕಥೆ’ ಅಂತ ಬರೆದು, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಗೆಳೆಯನಿಗೆ ಓದಿದೆ. ಅವನು ಇಡ್ಲಿಯಿಂದ ತಲೆಯೇ ಎತ್ತಲಿಲ್ಲ. ‘ನಗು ಬರುತ್ತೆ ಅಂತ ನೀನು ಹೇಳ್ತಿದ್ದೀಯ ಮಗಾ, ನಂಗೆ ಬರ್ತಿಲ್ವಲ್ಲ!’

ನಿನ್ನೆ ಹೊಸದು ಓದಿದೆ: ‘ಊರೆಲ್ಲ ಸಾಲ ಮಾಡಿ ತಲೆಮರೆಸಿಕೊಂಡವನೊಬ್ಬ, ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಗೆ ಹರಕೆ ತೀರಿಸಲು ಬಂದು, ದರ್ಶನದ ಸಾಲಿನಲ್ಲಿ ಸಾಲ ಕೊಟ್ಟವರ ನಡುವೆಯೇ ಸಿಕ್ಕಿಬೀಳುತ್ತಾನೆ.’ ಜೋಕ್ ಒಂದೂ ಇಲ್ಲ, ಬರೀ ಇಕ್ಕಟ್ಟು. ಹೀರೋ ಹೆಸರನ್ನೂ ತೆಗೆದೆ. ಗೊತ್ತಿಲ್ಲದ ಹೆಸರು ಸುಮ್ನೆ ಜಾಗ ತಿನ್ನುತ್ತೆ, ಅಲ್ವಾ?

ಗೆಳೆಯ ಕಾಫಿ ಲೋಟ ಕೆಳಗಿಟ್ಟ. ‘ಆಮೇಲೆ? ಸಾಲು ಬಿಟ್ಟು ಓಡ್ತಾನಾ?’ ಅಂದ. ಒಂದು ಗಳಿಗೆ ಬಿಟ್ಟು, ‘ಅಂದಹಾಗೆ, ನನ್ನ ಐನೂರು ರೂಪಾಯಿ ಯಾವಾಗ ಕೊಡ್ತೀಯ?’