ಬಿಟೊಂಟೊದಲ್ಲಿ ಆಂಟಿಗೊನಾ

ಬಾರಿ ಅನ್ನೋ ನಗರದಿಂದ ಬಿಟೊಂಟೊಗೆ ಲೋಕಲ್ ರೈಲಿದೆ. ಇಟಲಿಯ ದಕ್ಷಿಣದ ಪುಲಿಯಾ ಪ್ರಾಂತ್ಯದ ಈ ಊರು ಆಲಿವ್ ಎಣ್ಣೆಗೆ ಹೆಸರುವಾಸಿ. ನಾನು ಹೋಗಿದ್ದು ಮಾತ್ರ ಟೊಮಾಸೊ ಟ್ರಾಯೆಟ್ಟಾ ಅನ್ನೋನಿಗಾಗಿ. 1727ರಲ್ಲಿ ಇಲ್ಲಿ ಹುಟ್ಟಿದ ಒಪೆರಾ ಸಂಗೀತಗಾರ. ಹೆಸರು ಕೇಳಿಲ್ಲ ಅಲ್ವಾ? ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ; ಅವನ ‘ಆಂಟಿಗೊನಾ’ ಒಪೆರಾ ಕೇಳಿದ ಮೇಲೆ ನನಗೆ ಈ ಊರು ನೋಡಲೇಬೇಕು ಅನ್ನಿಸಿತ್ತು.

ರೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಕ್ರಿಸ್ತೋಫ್ ರೂಸೆ ನಡೆಸಿಕೊಟ್ಟ ರೆಕಾರ್ಡಿಂಗ್, ಆಂಟಿಗೊನಾ ಆಗಿ ಮರಿಯಾ ಬಾಯೊ. ಕಥೆ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ನದು. ಅಣ್ಣತಮ್ಮಂದಿರು ಹೊಡೆದಾಡಿ ಸಾಯುತ್ತಾರೆ. ಒಬ್ಬನ ಹೆಣಕ್ಕೆ ಸಂಸ್ಕಾರ ಮಾಡಬಾರದು ಅಂತ ರಾಜ ಕ್ರಿಯೊನ್‌ನ ಆಜ್ಞೆ. ತಂಗಿ ಆಂಟಿಗೊನಾ ಕೇಳುವುದಿಲ್ಲ. ಎರಡನೇ ಅಂಕದಲ್ಲಿ ಅವಳು ಅಣ್ಣನನ್ನು ಸುಡುವ ದೃಶ್ಯವಿದೆ. ಅಲ್ಲಿ ‘ಓಂಬ್ರಾ ಕಾರಾ’ ಹಾಡು ಶುರುವಾದಾಗ ಪಕ್ಕದ ಸೀಟಿನ ಹುಡುಗರ ಗಲಾಟೆ ಕೂಡ ಕಿವಿಗೆ ಬೀಳಲಿಲ್ಲ. ಗಂಟಲು ಪ್ರದರ್ಶನ ಇಲ್ಲ, ಸುಮ್ನೆ ಸತ್ತವನ ಜೊತೆ ಮಾತಾಡಿದ ಹಾಗಿದೆ.

ಹಳೇ ಊರಿನ ಗಲ್ಲಿಗಳು ಬಿಳಿ ಕಲ್ಲಿನವು, ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಸರಿಯಬೇಕು. ಕೆಥೆಡ್ರಲ್‌ನ ನೆಲಮಾಳಿಗೆಗೆ ಇಳಿದರೆ ಅಲ್ಲೊಂದು ಮೊಸಾಯಿಕ್ ಇದೆ. ಹದ್ದಿನ ತಲೆ, ಸಿಂಹದ ಮೈ ಇರುವ ಗ್ರಿಫಿನ್. ಅದರ ಮುಂದೆ ತುಂಬಾ ಹೊತ್ತು ನಿಂತುಬಿಟ್ಟೆ.

ಊರಿನ ಥಿಯೇಟರ್‌ಗೆ ಈಗ ಟ್ರಾಯೆಟ್ಟಾನದೇ ಹೆಸರು. ಪಾಪ, ಕಟ್ಟಡ ಅವನ ಕಾಲದ್ದಲ್ಲ, 1838ರದು. ಅವನೂ ಇಲ್ಲಿ ನಿಂತವನಲ್ಲ. ನೇಪಲ್ಸ್‌ನಲ್ಲಿ ಕಲಿತ. ಪಾರ್ಮಾದ ಆಸ್ಥಾನದಲ್ಲಿ ಎಲ್ಲರಿಗೂ ಫ್ರೆಂಚ್ ಹುಚ್ಚು, ಅಲ್ಲಿ ಫ್ರೆಂಚರ ಹಾಗೆ ಮೇಳಗಾನ, ನೃತ್ಯವನ್ನು ಒಪೆರಾದೊಳಗೆ ತಂದ. 1768ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಸೇರಿ ರಷ್ಯಾದ ರಾಣಿ ಕ್ಯಾಥರೀನ್‌ಳ ಕೆಲಸಕ್ಕೆ ನಿಂತ. ‘ಆಂಟಿಗೊನಾ’ 1772ರಲ್ಲಿ ಅಲ್ಲೇ ರಂಗಕ್ಕೆ ಬಂತು, ಸಾಹಿತ್ಯ ಮಾರ್ಕೊ ಕೊಲ್ಟೆಲ್ಲಿನಿಯದು. ಆಂಟಿಗೊನಾ ಆಗಿ ಹಾಡಿದವಳು ಕತೆರೀನಾ ಗಾಬ್ರಿಯೆಲ್ಲಿ. ಅವಳ ಬಗ್ಗೆ ಒಂದು ಕಥೆ ಓಡಾಡುತ್ತದೆ. ಅವಳು ಕೇಳಿದ ಸಂಬಳಕ್ಕೆ ರಾಣಿ, ‘ನನ್ನ ಸೇನಾಪತಿಗಳಿಗೇ ಅಷ್ಟು ಕೊಡೋದಿಲ್ಲ’ ಅಂದಳಂತೆ. ‘ಹಾಗಾದ್ರೆ ಅವರ ಹತ್ರಾನೇ ಹಾಡಿಸಿ’ ಅಂದಳಂತೆ ಇವಳು. ನಿಜವೋ ಸುಳ್ಳೋ, ಕೇಳೋಕೆ ಚೆನ್ನಾಗಿದೆ.

ನನಗೆ ತಕರಾರಿರುವುದು ಕೊನೆಯ ಬಗ್ಗೆ. ಸೊಫೊಕ್ಲಿಸ್‌ನಲ್ಲಿ ಆಂಟಿಗೊನಾ ನೇಣು ಹಾಕಿಕೊಳ್ಳುತ್ತಾಳೆ, ಅವಳನ್ನು ಮದುವೆಯಾಗಬೇಕಿದ್ದ ಹೀಮೊನ್ ಇರಿದುಕೊಳ್ಳುತ್ತಾನೆ, ಅವನ ತಾಯಿಯೂ ಸಾಯುತ್ತಾಳೆ. ಇಲ್ಲಿ ಕ್ರಿಯೊನ್ ಮನಸ್ಸು ಬದಲಿಸುತ್ತಾನೆ, ಇಬ್ಬರಿಗೂ ಮದುವೆ! ಮಂಗಳ ಹಾಡಿ ಎದ್ದುಹೋಗುವ ನಾಟಕದ ಹಾಗೆ. ಆ ಕಾಲದ ಆಸ್ಥಾನಗಳಲ್ಲಿ ಸುಖಾಂತವೇ ರೂಢಿ, ಒಪ್ಪಿದೆ. ಗಂಡನನ್ನು ಇಳಿಸಿ ಪಟ್ಟಕ್ಕೆ ಬಂದ ರಾಣಿ ಮುಂದೆ ಕೂತಿರುವಾಗ, ಕ್ಷಮಿಸುವ ರಾಜನನ್ನು ತೋರಿಸುವುದು ಕ್ಷೇಮವೂ ಹೌದು. ಆದರೆ ಚಿತೆಯ ಮುಂದೆ ಅಂಥಾ ಹಾಡು ಬರೆದವನು ಸಾವಿಗೆ ಹೆದರುವವನಲ್ಲ. ಮೂರನೇ ಅಂಕದ ಆ ಕ್ಷಮೆಯನ್ನು ಅವನು ನಂಬಿ ಬರೆದ ಅಂತ ನನಗೆ ಅನ್ನಿಸುವುದೇ ಇಲ್ಲ.

ನೀವು ಹೋಗೋದಾದರೆ ಬೆಳಿಗ್ಗೆನೇ ಹೊರಡಿ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತದೆ, ಎಣ್ಣೆ ಅಂಗಡಿ ಸಮೇತ.