ಖಾಲಿ ಬೇರೆ, ಸೊನ್ನೆ ಬೇರೆ

ಕಳೆದ ಸೋಮವಾರ ಕಾರವಾರದ ನಮ್ಮ ಮನೆಯಲ್ಲಿ ಅಣ್ಣನ ಮಗಳು ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಳು. ಸಿರಸಿ ಮನೆಯ ಮೆತ್ತಿನಿಂದ ಇಳಿಸಿ ತಂದ ಅಜ್ಜನ ಕಿರ್ದಿಗಳನ್ನು, ಅಂದರೆ ದಿನವಹಿ ಲೆಕ್ಕದ ಪುಸ್ತಕಗಳನ್ನು, ಹರವಿಕೊಂಡು ವರ್ಷವಾರು ಜಮಾ ಪಟ್ಟಿ ಮಾಡಿಕೊಡುವ ಕೆಲಸವನ್ನು ಅವಳೇ ನನಗೆ ಒಪ್ಪಿಸಿದ್ದಳು. 1942ರ ದೀಪಾವಳಿಯಿಂದ 1943ರ ದೀಪಾವಳಿಯವರೆಗಿನ ಪುಸ್ತಕ ಸಿಗಲಿಲ್ಲವಾದ್ದರಿಂದ ಆ ಸಾಲಿನಲ್ಲಿ ಒಂದು ಸೊನ್ನೆ ಬರೆದಿದ್ದೆ. ಅವಳು ಅದನ್ನು ರಬ್ಬರಿನಿಂದ ಉಜ್ಜಿ, "ಅಪ್ಪಚ್ಚಿ, ಖಾಲಿ ಬೇರೆ, ಸೊನ್ನೆ ಬೇರೆ" ಎಂದಳು.

ಮೂವತ್ತನಾಲ್ಕು ವರ್ಷ ಲೆಕ್ಕಪತ್ರಗಳ ನಡುವೆಯೇ ಕಳೆದವನಿಗೆ ಇದನ್ನು ಹೇಳಿಕೊಡಲು ಇವಳು ಯಾರು ಎನಿಸಿ ಸಿಟ್ಟು ಬಂದದ್ದು ನಿಜ. ಅವಳಿಗೆ ಅವಳಪ್ಪನದೇ ನಾಲಿಗೆ. ಹೇಳುವುದನ್ನು ಮೆತ್ತಗೆ ಹೇಳಿ ಗೊತ್ತಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ದೇಶದ ಬೊಕ್ಕಸದಿಂದ ಸೈನ್ಯಕ್ಕೆ ನಿಜವಾಗಿ ಹೋದ ಹಣವೆಷ್ಟು ಎಂಬುದು ಅವಳ ಸಂಶೋಧನೆಯ ವಿಷಯ. ಅಚ್ಚಾದ ಅಂಕಿಗಳಿವೆಯಲ್ಲ, ಎತ್ತಿ ಬರೆದರಾಯಿತು ಎಂದೇ ನಾನು ತಿಳಿದಿದ್ದೆ. 1939-40ರಲ್ಲಿ ಸುಮಾರು 50 ಕೋಟಿ ರೂಪಾಯಿಯಿದ್ದ ರಕ್ಷಣಾ ವೆಚ್ಚ 1944-45ರಲ್ಲಿ 450 ಕೋಟಿಯನ್ನು ದಾಟಿತ್ತು. ಆದರೆ ಇದು ಭಾರತದ ಪಾಲಿಗೆ ಬರೆದದ್ದು ಮಾತ್ರ. 1939ರ ನವೆಂಬರಿನಲ್ಲಿ ಬ್ರಿಟನ್ನಿನೊಂದಿಗೆ ಆದ ಒಪ್ಪಂದದಂತೆ, ಶಾಂತಿಕಾಲದ ಮಾಮೂಲು ವೆಚ್ಚವೆಂದು 36.77 ಕೋಟಿ ರೂಪಾಯಿ, ಅದರ ಮೇಲೆ ಬೆಲೆ ಏರಿಕೆಯ ಬಾಬ್ತು, ಭಾರತದ ಹಿತಕ್ಕಾಗಿಯೇ ಕೈಗೊಂಡ ಯುದ್ಧಕ್ರಮಗಳ ಖರ್ಚು, ಹೊರದೇಶಗಳಲ್ಲಿದ್ದ ಪಡೆಗಳಿಗೆಂದು ಒಂದು ಕೋಟಿ, ಇಷ್ಟನ್ನು ಭಾರತ ಭರಿಸಬೇಕು, ಉಳಿದದ್ದನ್ನು ಬ್ರಿಟನ್ ಕೊಡಬೇಕು ಎಂದಾಗಿತ್ತು. ಹೀಗೆ ಬ್ರಿಟನ್ನಿನ ಹೆಸರಿಗೆ ಬರೆದ ಮೊತ್ತ ಮೊದಲ ವರ್ಷ ನಾಲ್ಕೇ ಕೋಟಿಯಷ್ಟಿದ್ದದ್ದು 1944-45ಕ್ಕೆ 400 ಕೋಟಿಯನ್ನು ಮೀರಿತು. ಕೊಟ್ಟದ್ದಾದರೂ ರೂಪಾಯಿಯಲ್ಲಲ್ಲ. ಲಂಡನ್ನಿನ ಪುಸ್ತಕದಲ್ಲಿ ಪೌಂಡುಗಳು ಜಮಾ ಆದವು, ಇಲ್ಲಿ ಅದರ ಆಧಾರದ ಮೇಲೆ ನೋಟು ಅಚ್ಚಾಯಿತು. ಚಲಾವಣೆಯ ನೋಟು ಯುದ್ಧದ ವರ್ಷಗಳಲ್ಲಿ ಸುಮಾರು ಆರು ಪಟ್ಟು ಹೆಚ್ಚಿತು. ಲಂಡನ್ನಿನಲ್ಲಿ ಭಾರತದ ಶಿಲ್ಕು, ಎಂದರೆ ಜಮೆಯ ಉಳಿಕೆ, ಕೊನೆಗೆ 130 ಕೋಟಿ ಪೌಂಡಿನ ಹತ್ತಿರ ಬಂದು ನಿಂತಿತು. ಯಾವ ಖರ್ಚು ಭಾರತದ ಹಿತಕ್ಕೆ, ಯಾವುದು ಸಾಮ್ರಾಜ್ಯದ ಹಿತಕ್ಕೆ ಎಂದು ಗೆರೆ ಎಳೆದವರು ಕಚೇರಿಯಲ್ಲಿ ಕುಳಿತ ನನ್ನಂಥ ಗುಮಾಸ್ತರೇ ಇರಬೇಕು.

ಇದರಲ್ಲಿ ಅಜ್ಜನ ಕಿರ್ದಿಗೇನು ಕೆಲಸ? ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಜ್ಜ ಒಬ್ಬ ಕಂತ್ರಾಟುದಾರನ ಕೈಕೆಳಗೆ ಯಲ್ಲಾಪುರದ ಕಾಡಿನಿಂದ ದಾಂಡೇಲಿಯ ಕಡೆಗೆ ನಾಟಾ ಸಾಗಿಸಲು ಎತ್ತಿನ ಗಾಡಿಗಳನ್ನು ಬಿಡುತ್ತಿದ್ದ. ಕಡಿದ ಮರ ಪ್ರಾಂತದ ಅರಣ್ಯ ಇಲಾಖೆಗೆ ಆದಾಯ, ಕೊಂಡ ಇಲಾಖೆಗೆ ಖರ್ಚು, ಅದೇ ಮರ ಹಡಗು ಹತ್ತಿ ಹೋದರೆ ಬ್ರಿಟನ್ನಿನ ಮೇಲೆ ಬಾಕಿ. ಮೂರೂ ಪುಸ್ತಕಗಳನ್ನು ಕೂಡಿಸಿದರೆ ಒಂದೇ ತೊಲೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ, ಒಂದನ್ನೇ ನೋಡಿದರೆ ತೊಲೆಯೇ ಕಾಣುವುದಿಲ್ಲ. ಅಜ್ಜನ ವರ್ಷ ದೀಪಾವಳಿಗೆ ಶುರು, ಸರ್ಕಾರದ್ದು ಏಪ್ರಿಲ್ ಒಂದಕ್ಕೆ; ತಾಳೆ ನೋಡಬೇಕೆಂದರೆ ಪ್ರತಿ ಪುಸ್ತಕವನ್ನೂ ನಡುವೆ ಸೀಳಬೇಕು. ಅಜ್ಜನ ಒಂದು ಕಿರ್ದಿಯಿಂದ ದೇಶದ ಮೊತ್ತವೇನೂ ಹೊರಡುವುದಿಲ್ಲ, ಅವಳಿಗೂ ಅದು ಗೊತ್ತು. ಅವಳಿಗೆ ಬೇಕಾದದ್ದು ಅಕ್ಕಿಗೆ, ಎತ್ತಿನ ಹಿಂಡಿಗೆ ಅಜ್ಜ ನಿಜವಾಗಿ ತೆತ್ತ ದರ. ಒಂಬತ್ತು ಪಟ್ಟು ಏರಿದ ವೆಚ್ಚದಲ್ಲಿ ಬೆಲೆ ಏರಿಕೆಯೇ ನುಂಗಿದ್ದೆಷ್ಟು ಎಂದು ಅಳೆಯಲು ಸರ್ಕಾರದ ದರಪಟ್ಟಿಯೊಂದನ್ನೇ ನಂಬಿದರೆ, ಕಾಳಸಂತೆಯ ದರ ಬಿಟ್ಟುಹೋಗುತ್ತದೆ.

"ಹಾಗಾದರೆ ಹಿಂದಿನ ವರ್ಷದ್ದು, ಮುಂದಿನ ವರ್ಷದ್ದು ಕೂಡಿಸಿ ಅರ್ಧ ಮಾಡು" ಎಂದೆ. ನಾಲ್ಕರಿಂದ ನಾನೂರಕ್ಕೆ ಜಿಗಿದ ಅಂಕಿಗಳ ನಡುವೆ ಸರಾಸರಿಗೆ ಏನು ಅರ್ಥ ಎಂದು ಅವಳು ತಿರುಗಿ ಕೇಳಿದಳು. ಅಂದಾಜು ಮಾಡಬಹುದಂತೆ, ಆದರೆ ಇಷ್ಟರಿಂದ ಇಷ್ಟರೊಳಗೆ ಎಂದು ಎರಡು ಗಡಿ ಹೇಳಬೇಕು, ಅಂದಾಜೆಂದು ಬೇರೆ ಗುರುತು ಹಾಕಬೇಕು. ನಾನಂತೂ ನೌಕರಿಯಲ್ಲಿ ಬಾರದ ವರದಿಗಳಿಗೆಲ್ಲ ಸೊನ್ನೆ ತುಂಬಿ ಶಿಲ್ಕು ಸರಿಮಾಡಿ ಕಳಿಸಿದ್ದೇನೆ, ಯಾರೂ ಕೇಳಿಲ್ಲ. ಅವಳು ರಬ್ಬರಿನಿಂದ ಉಜ್ಜುವಾಗ ಆ ಕಾಗದಗಳೆಲ್ಲ ಕಣ್ಣ ಮುಂದೆ ಬಂದವು. ಎರಡು ರಾತ್ರಿ ನಿದ್ದೆ ಸರಿಯಾಗಲಿಲ್ಲ.

ಆಮೇಲೆ ಮೂಡಿದ್ದು ಬೇರೆಯೇ ಅನುಮಾನ. 1942ರ ಆಗಸ್ಟಿನಲ್ಲಿ ಬ್ರಿಟಿಷರೇ ತೊಲಗಿ ಎಂಬ ಚಲೇಜಾವ್ ಚಳವಳಿ ಶುರುವಾಗಿತ್ತು. ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡ ಅಂಕೋಲಾ, ಸಿದ್ದಾಪುರದ ಕುಟುಂಬಗಳ ಕತೆ ಕೇಳಿಯೇ ಬೆಳೆದ ಮನೆ ನಮ್ಮದು, ಆ ಕತೆಗಳನ್ನು ಹೇಳುತ್ತಿದ್ದವನೂ ಅಜ್ಜನೇ. ಆ ವರ್ಷ ಅವನ ಗಾಡಿಗಳು ಯುದ್ಧದ ನಾಟಾ ಹೊತ್ತು ಹೋದವೇ, ಇಲ್ಲವೇ ಎಂಬುದನ್ನು ಮಾತ್ರ ಯಾರ ಬಾಯಿಂದಲೂ ಕೇಳಿಲ್ಲ. ಹೋಗಿದ್ದರೆ ಅದನ್ನು ಬರೆದಿಡುವ ಮನಸ್ಸು ಅವನಿಗೆ ಇತ್ತೋ ಏನೋ. ನನ್ನ ಸೊನ್ನೆಯಾದರೋ ಅವನನ್ನು ಸುಲಭವಾಗಿ ದೇಶಭಕ್ತನನ್ನಾಗಿ ಮಾಡಿಬಿಟ್ಟಿತ್ತು.

ಗುರುವಾರ ಅಣ್ಣನಿಗೆ ಫೋನ್ ಮಾಡಿ, ಆ ಪುಸ್ತಕವನ್ನು ರದ್ದಿಗೆ ಹಾಕಿದೆಯಾ ಎಂದು ಕೇಳಿದೆ. ಮನೆಯ ಹಳೆಯ ಕಾಗದವನ್ನೆಲ್ಲ ತೂಕಕ್ಕೆ ಮಾರಿದವನು ಅವನೇ ಎಂಬುದು ನನ್ನ ಹಳೆಯ ಆರೋಪ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮ್ಮಾ, ಅಂಥದ್ದೊಂದು ಪುಸ್ತಕ ಇತ್ತು ಹೇಳಿ ನಿನಗೆ ಯಾರು ಹೇಳಿದ್ದು?" ಎಂದ.

ಪಟ್ಟಿಯಲ್ಲಿ ಆ ಸಾಲು ಹಾಗೆಯೇ ಇದೆ. ರಬ್ಬರು ಚೆನ್ನಾಗಿ ಉಜ್ಜಿಲ್ಲ. ಬೆಳಕಿಗೆ ಹಿಡಿದರೆ ನನ್ನ ಸೊನ್ನೆಯ ಗುರುತು ಇನ್ನೂ ಕಾಣುತ್ತದೆ.