ಮದ್ವೆ ಲೆಕ್ಕದಲ್ಲಿ ಎಪ್ಪತ್ತು

"ಎಷ್ಟು ಓಡಿದೆ ಸಾರ್ ಇದು?" ಅಂತ ನಾನು ಕೇಳಿದೆ. ಅದಕ್ಕೆ ಅವರು, "ಮದ್ವೆ ಲೆಕ್ಕದಲ್ಲಿ ಹೇಳ್ಲಾ, ಕ್ಲಿಕ್ ಲೆಕ್ಕದಲ್ಲಿ ಹೇಳ್ಲಾ?" ಅಂದರು.

ಭಾನುವಾರ ಒಂದು ಹಳೇ ಕ್ಯಾಮೆರಾ ಕೊಳ್ಳಲು ಹೋದಾಗ ಸ್ಟುಡಿಯೋದವರಿಂದ ಕೇಳಿದ ಮಾತು. ಇವತ್ತು ಗುರುವಾರ. ಇನ್ನೂ ಕಿವಿಯಲ್ಲೇ ಇದೆ.

ನನ್ನ ಹಳೇ ಕ್ರಾಪ್ ಕ್ಯಾಮೆರಾ (ಚಿಕ್ಕ ಸೆನ್ಸರಿನದು), ಅದರ ಜೊತೆಗೇ ಬಂದ 18-55 ಲೆನ್ಸು ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಯ ಹೊಯ್ಸಳ ಗುಡಿಯಲ್ಲಿ ಕೈಕೊಟ್ಟಿದ್ದೇ ಇದಕ್ಕೆಲ್ಲ ಮೂಲ. ಅಲ್ಲಿ ನಾಲ್ಕು ಗರ್ಭಗುಡಿ. ಒಳಗಿನ ಮಂಟಪ ಒಂದೇ ಚೌಕಟ್ಟಿಗೆ ಬರಲಿ ಅಂತ ಬೆನ್ನನ್ನು ಗೋಡೆಗೆ ಆನಿಸಿ ನಿಂತೆ, ಆದರೂ ಎರಡು ಕಂಬ ಹೊರಗೇ ಉಳಿದವು. ಕ್ರಾಪ್ ಸೆನ್ಸರ್ ಮೇಲೆ 18 ಮಿಲಿಮೀಟರ್ ಅಂದರೆ ಫುಲ್ ಫ್ರೇಮಿನ, ಅಂದರೆ ಹಳೇ ರೀಲಿನಷ್ಟೇ ದೊಡ್ಡ ಸೆನ್ಸರಿನ, 27ಕ್ಕೆ ಸಮ; ಅಂಕಿ ದೊಡ್ಡದಾದಷ್ಟೂ ನೋಟ ಕಿರಿದು. ಇನ್ನೊಂದು ಹೆಜ್ಜೆ ಹಿಂದೆ ಸರಿಯೋಣ ಅಂದರೆ ಸುಮಾರು 900 ವರ್ಷದ ಗೋಡೆ. ಅದು ಯಾರಿಗೂ ಜಾಗ ಬಿಡುವುದಿಲ್ಲ.

"ಫುಲ್ ಫ್ರೇಮ್ ಯಾಕೋ, ಒಂದು 10-20 ಲೆನ್ಸ್ ಹಾಕು, ಮುಗೀತು" ಅಂದ ಗೆಳೆಯ. ಅವನು ಹೇಳಿದ್ದು ಸರಿ. ಯಾರೂ ಕೇಳದೇ ಇದ್ದಾಗ ಸರಿಯಾದ ಮಾತಾಡುವುದು ಅವನ ಚಟ. ಆದರೆ ನನಗೆ ಆಸೆ ಹತ್ತಿಬಿಟ್ಟಿತ್ತು. ಕತ್ತಲ ಮಂಟಪ, ಬಾಗಿಲಾಚೆ ಉರಿಬಿಸಿಲು. ಆ ನೆರಳಿನೊಳಗಿನ ಕೆತ್ತನೆಯನ್ನು ಕಂಪ್ಯೂಟರಿನಲ್ಲಿ ಎತ್ತಿ ಬೆಳಗಿಸಿದಾಗ ಗೆರೆಗೆರೆ ಬೀಳಬಾರದು. ಕ್ಯಾನನ್ 6ಡಿ ಅಗ್ಗಕ್ಕೆ ಸಿಗುತ್ತೆ, ಆದರೆ ನೆರಳು ಎತ್ತಿದರೆ ಅದು ತಡೆಯುವುದು ಅಷ್ಟಕ್ಕಷ್ಟೆ. ಸೋನಿ ಎ7 ಎರಡನೇ ಮಾರ್ಕಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಬಾಡಿಯೊಳಗೇ ಇದೆ. ಪುರಾತತ್ವ ಇಲಾಖೆಯ ಗುಡಿಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಬಿಡದ ಕಾರಣ ಅದು ದೊಡ್ಡ ಅನುಕೂಲವೇ, ಆದರೆ ಬ್ಯಾಟರಿ ಮಧ್ಯಾಹ್ನದೊಳಗೆ ಮಲಗುತ್ತೆ. ಸುತ್ತಿ ಸುತ್ತಿ 2014ರ ನಿಕಾನ್ ಡಿ750ಗೆ ಬಂದು ನಿಂತೆ. 24 ಮೆಗಾಪಿಕ್ಸೆಲ್, ಮಡಚುವ ಸ್ಕ್ರೀನು. ಸಾಕು.

ಮೊದಲು ನೋಡಿದ್ದು ಆಲ್ದೂರಿನ ಕಡೆಯ ಒಂದು ಎಸ್ಟೇಟಿನಲ್ಲಿ. "ಬೀರುವಿನಿಂದ ಹೊರಗೇ ತೆಗೆದಿಲ್ಲ ಕಣ್ರೀ, ಮಗ ಅಮೆರಿಕಾಕ್ಕೆ ಹೋದ ಮೇಲೆ ಯಾರೂ ಮುಟ್ಟಿಲ್ಲ" ಅಂದರು ಯಜಮಾನರು. ಅದುವರೆಗೆ ತೆಗೆದ ಚಿತ್ರ, ಅಂದರೆ ಕ್ಲಿಕ್, ಬರೀ 3,200. ಬಾಡಿಯ ಮೇಲೆ ಒಂದು ಗೀರಿಲ್ಲ, ಸ್ಕ್ರೀನಿನ ಪ್ಲಾಸ್ಟಿಕ್ ಸಹ ಕಿತ್ತಿಲ್ಲ. ನನ್ನ ಕೈ ಆಗಲೇ ಜೇಬಿನ ಕಡೆ ಹೊರಟಿತ್ತು. ಸುಮ್ಮನೆ ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಹಿಡಿದು ನೋಡಿದರೆ ಗಾಜಿನೊಳಗೆ ಜೇಡರಬಲೆ. ಬೂಷ್ಟು! ಅಂಚಿನಿಂದ ನಡುವಿಗೆ ಬೆಳ್ಳಗೆ ಎಳೆಯೆಳೆಯಾಗಿ ಹಬ್ಬಿತ್ತು. ಮಲೆನಾಡಿನ ಎಷ್ಟು ಮಳೆಗಾಲ ಆ ಬೀರುವಿನ ಕತ್ತಲಲ್ಲಿ ಕಳೆದಿತ್ತೋ. ಯಜಮಾನರಿಗೆ ತೋರಿಸಿದೆ. "ಬಳಸೇ ಇಲ್ವಲ್ಲ, ಹೆಂಗೆ ಹಾಳಾಗುತ್ತೆ?" ಅಂದರು. ಪಾಪ, ಮೋಸ ಮಾಡುವ ಜನ ಅಲ್ಲ. ಕಾಫಿ ಕೊಟ್ಟು, ಒಂದು ಚೀಲ ಕಿತ್ತಳೆ ಕೊಟ್ಟು ಕಳಿಸಿದರು.

ಎರಡನೆಯದು ಹಾಸನದ ಎನ್.ಆರ್. ಸರ್ಕಲ್ಲಿನ ಹಿಂದಿನ ಗಲ್ಲಿಯ ಸ್ಟುಡಿಯೋದಲ್ಲಿ. ಅರವತ್ತು ದಾಟಿದ ಮನುಷ್ಯ, ರೀಲಿನ ಕಾಲದವರು. ನಾನು ಫುಲ್ ಫ್ರೇಮ್ ಅಂದಾಗಲೆಲ್ಲ ನಗುತ್ತಿದ್ದರು. "ಸಾರ್, ರೀಲಿದ್ದಾಗ 36ಕ್ಕೆ 24 ಮಿಲಿಮೀಟರ್ ಅನ್ನೋದಕ್ಕೆ ಫುಲ್ ಗಿಲ್ ಅಂತ ಹೆಸರೇ ಇರ್ಲಿಲ್ಲ. ಇದ್ದಿದ್ದೇ ಅದು."

ಅಲ್ಲೇ ನಾನು ಎಷ್ಟು ಓಡಿದೆ ಅಂತ ಕೇಳಿದ್ದು, ಅವರು ಆ ಮಾತಾಡಿದ್ದು. ಒಂದು ಜೆಪೆಗ್ ಚಿತ್ರ ತೆಗೆದು ಅದರೊಳಗಿನ ಲೆಕ್ಕ ನೋಡಿದೆ: 1,38,412. ಈ ಬಾಡಿಯ ಶಟರನ್ನು, ಅಂದರೆ ಪ್ರತಿ ಕ್ಲಿಕ್ಕಿಗೂ ತೆರೆದು ಮುಚ್ಚುವ ಪರದೆಯನ್ನು, ಕಂಪನಿ ಪರೀಕ್ಷಿಸಿರುವುದು ಒಂದೂವರೆ ಲಕ್ಷದವರೆಗೆ. ನನ್ನ ಮುಖ ನೋಡಿ ಅವರೇ ಅಂದರು, "ಮದ್ವೆ ಲೆಕ್ಕದಲ್ಲಿ ಎಪ್ಪತ್ತು. ಎಪ್ಪತ್ತರಲ್ಲಿ ಒಂದ್ರಲ್ಲೂ ಮಾಂಗಲ್ಯಧಾರಣೆ ಹೊತ್ತಿಗೆ ಕೈಕೊಟ್ಟಿಲ್ಲ."

ಹಿಡಿಯುವ ಕಡೆಯ ರಬ್ಬರು ಹಿಗ್ಗಿ ಎದ್ದಿತ್ತು. ಲೆನ್ಸಿನ ಕಿಂಡಿಯನ್ನು ಎಫ್16ಕ್ಕೆ ಕಿರಿದು ಮಾಡಿ ಬಿಳೀ ಗೋಡೆಗೆ ಹಿಡಿದು ಹೊಡೆದರೆ ಸೆನ್ಸರಿನ ಮೇಲೆ ನಾಲ್ಕು ಧೂಳಿನ ಚುಕ್ಕೆ. ಕ್ಲೀನ್ ಮಾಡಿದರೆ ಹೋಗುವಂಥವು. ಜೊತೆಗಿದ್ದ 16-35 ಲೆನ್ಸಿಗೆ ಟಾರ್ಚು ಬಿಟ್ಟೆ: ಚೂರು ಧೂಳು, ಬೂಷ್ಟಿನ ಸುಳಿವಿಲ್ಲ. ವಾರವಾರ ಛತ್ರದ ಬೆಳಕು ಕಂಡ ಗಾಜು ಅದು. ಕೊನೆಗೆ ಸ್ಕ್ರೀನು ಎಳೆದೆ. ಅದರ ಹಿಂದಿನ ಸಂದಿಯಿಂದ ಏನೋ ಮೇಜಿನ ಮೇಲೆ ಉದುರಿತು. ಅರ್ಧ ಅಕ್ಕಿಕಾಳು, ಅರಿಶಿನ ಬಣ್ಣ. ಅಕ್ಷತೆ! ಅವರು ಅದನ್ನು ಬೆರಳ ತುದಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದು, "ಇದು ಯಾರ ಮದ್ವೇದೋ" ಅಂದರು. ನಾನು ಚೌಕಾಸಿ ಮಾಡಬೇಕು ಅಂದುಕೊಂಡಿದ್ದೆಲ್ಲ ಅಲ್ಲಿಗೇ ಮರೆತುಹೋಯಿತು. ಬೇಕಂತಲೇ ಇಟ್ಟಿದ್ದರು ಅಂತ ಗೆಳೆಯನ ವಾದ. ಅವನಿಗೆ ಎಲ್ಲದರಲ್ಲೂ ಅನುಮಾನ.

ಹೊರಡುವಾಗ ಒಂದು ಬುದ್ಧಿಮಾತು ಬಂತು. "ಈ ಲೆನ್ಸಲ್ಲಿ ಸ್ಟೇಜ್ ಪೂರ್ತಿ ಬರುತ್ತೆ. ಆದ್ರೆ ಹೆಣ್ಣಿನ ಅತ್ತೇನ ಅಂಚಿಗೆ ನಿಲ್ಲಿಸ್ಬೇಡಿ. ಮುಖ ಅಗಲ ಆಗುತ್ತೆ, ಪೇಮೆಂಟು ನಿಲ್ಲುತ್ತೆ." ಬದಲಿಗೆ ನಾನೂ ಅವರಿಗೆ ಒಂದು ತೋರಿಸಿದೆ, ಸ್ಕ್ರೀನಿನಲ್ಲೇ ಕ್ಯಾಮೆರಾ ವಾಲಿದೆಯೋ ಇಲ್ಲವೋ ಹೇಳುವ ಗೆರೆ. ಎಪ್ಪತ್ತು ಮದುವೆಯಲ್ಲಿ ಒಮ್ಮೆಯೂ ಅದನ್ನು ಅವರು ನೋಡಿರಲಿಲ್ಲ. ಗುಡಿಗೆ ಅದಿಲ್ಲದೆ ಆಗುವುದಿಲ್ಲ. ಮೂತಿ ಒಂಚೂರು ಮೇಲೆತ್ತಿದರೆ ಸಾಕು, ಕಂಬಗಳೆಲ್ಲ ಕುಡಿದವರ ಹಾಗೆ ಒಬ್ಬರ ಮೇಲೊಬ್ಬರು ವಾಲುತ್ತವೆ. ಮಟ್ಟಸವಾಗಿ ಹಿಡಿದು, ಕೆಳಗೆ ಹೆಚ್ಚಾಗಿ ಬಂದ ನೆಲವನ್ನು ಆಮೇಲೆ ಕತ್ತರಿಸಬೇಕು.

ನಮ್ಮಜ್ಜಿ ಮನೆ ಬೀಗ ಹಾಕಿ ಆರು ವರ್ಷವಾಯಿತು. "ಯಾರೂ ಇಲ್ಲ, ಹಾಳಾಗೋಕೆ ಏನಿದೆ" ಅಂತ ಮಾವಂದಿರು ಹೇಳುತ್ತಲೇ ಇದ್ದಾರೆ. ಹೋದ ಮಳೆಗಾಲದಲ್ಲಿ ಅಡುಗೆಮನೆ ಗೋಡೆ ಕೂತಿತು. ಹೊಗೆ ಕಾಣದೆ ಜಂತೆಗೆ ಹುಳ ಬಿದ್ದಿತ್ತಂತೆ. ಆಲ್ದೂರಿನ ಯಜಮಾನರ ಮೇಲೆ ನಗಲು ನನಗೆ ಯಾವ ಹಕ್ಕೂ ಇಲ್ಲ.

ನಿನ್ನೆ ರಜೆ ಹಾಕಿ ಚಿಕ್ಕಮಗಳೂರು ಜಿಲ್ಲೆಯ ಬೆಳವಾಡಿಯ ಗುಡಿಗೆ ಹೋದೆ. ವೀರನಾರಾಯಣನಿಗೆ ಇಂದಿಗೂ ನಿತ್ಯಪೂಜೆ. ಮುಂದಿನ ಮಂಟಪದ ಕಡೆದ ಕಂಬಗಳಲ್ಲಿ ನಮ್ಮ ನೆರಳು ಕಾಣುವಷ್ಟು ಹೊಳಪು. ಟ್ರೈಪಾಡಿನ ಬದಲು ಹುರುಳಿಕಾಳಿನ ಚೀಲವನ್ನು ಜಗಲಿಯ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ, ಸ್ಕ್ರೀನು ಮಡಚಿ, ಗೆರೆ ಹಸಿರಾಗುವವರೆಗೆ ಕಾಳನ್ನು ಒತ್ತಿದೆ. 20 ಮಿಲಿಮೀಟರಿನಲ್ಲಿ ಕಂಬದ ಸಾಲು ಪೂರ್ತಿ ಒಳಗೆ ಬಂತು. 16ಕ್ಕೆ ಹೋದರೆ ಈ ಲೆನ್ಸು ನೇರ ಗೆರೆಯನ್ನು ಹೊಟ್ಟೆ ಉಬ್ಬಿಸಿ ತೋರಿಸುತ್ತೆ. ಒತ್ತಬೇಕು ಅನ್ನುವಷ್ಟರಲ್ಲಿ ಅರ್ಚಕರು ಎಡಗಡೆ ಅಂಚಿನಲ್ಲಿ ಬಂದು ನಿಂತರು.

"ಸ್ವಾಮಿ, ಸ್ವಲ್ಪ ನಡುವಿಗೆ ಬರ್ತೀರಾ?"

"ಯಾಕಪ್ಪಾ, ಇಲ್ಲಿ ನಿಂತ್ರೆ ಏನಂತೆ?"

"ದಪ್ಪ ಕಾಣ್ತೀರಿ."

ಅವರು ಒಮ್ಮೆ ತಮ್ಮ ಹೊಟ್ಟೆ ನೋಡಿಕೊಂಡರು. ಶಲ್ಯ ಸರಿಮಾಡಿಕೊಂಡು ನಡುವಿಗೆ ಬಂದರು.